ದೇವಿ ಹಾಕುವವರು

ನನ್ನ ಎಡರಟ್ಟೆಯ ಮೇಲೆ ಪಾವಲಿ ಅಗಲದ ಎರಡು ಕಲೆಗಳಿವೆ. ಇಳಕಲ್ಲಿನ ನಮ್ಮ ಓಣಿಯಲ್ಲಿ ನನ್ನ ವಾರಿಗೆಯವರಿಗೆಲ್ಲ ಇವೆ. ನನ್ನ ಆಯಿಗೆ ಕಲೆ ಇದ್ದದ್ದು ಮುಖದ ತುಂಬ. ಹಣೆ, ಮೂಗು, ಗಲ್ಲ ಎಲ್ಲ ದಪ್ಪ ಹನಿ ಬಿದ್ದ ಹುಡಿಮಣ್ಣಿನ ಹಾಗೆ ಕುಳಿಕುಳಿ. ಸಣ್ಣವಳಿದ್ದಾಗ ಆಕೆಯ ತೊಡೆಯ ಮೇಲೆ ಮಲಗಿ ಅವನ್ನು ಬೆರಳಿನಿಂದ ಎಣಿಸುತ್ತಿದ್ದೆ. 'ಅವ್ವ ನಡದು ಹ್ವಾದ ಹೆಜ್ಜಿ ಅವು' ಎನ್ನುತ್ತಿದ್ದಳು.

ಅವ್ವ ಅಂದರೆ ಸಿಡುಬು. ನಮ್ಮ ಕಡೆ ಅದನ್ನು ಯಾರೂ ರೋಗವೆಂದು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ದುರ್ಗವ್ವ, ದ್ಯಾಮವ್ವ, ಮರಗವ್ವ ಯಾರಾದರೂ ಆಗಲಿ, 'ಅವ್ವ ಬಂದಾಳ' ಅಂದರೆ ಸಾಕು. ಮುಂಬಯಿ ಪ್ರಾಂತ್ಯದಲ್ಲಿ ಇದ್ದವರು ನಾವು. ಮರಾಠಿಯವರ ಬಾಯಿಂದ 'ದೇವಿ' ಎಂಬ ಹೆಸರೂ ಬಂದು ನೆಲೆಯಾಗಿತ್ತು. ಬೇನೆಯೂ ದೇವಿ, ಬೇನೆ ಬಾರದಂತೆ ರಟ್ಟೆಗೆ ಚುಚ್ಚುವುದೂ ದೇವಿ ಹಾಕುವುದು, ಚುಚ್ಚಲು ಬರುವವನು ದೇವಿ ಡಾಕ್ಟರ. 2021ರಲ್ಲಿ ನಾನು ಕೊರೊನಾ ಲಸಿಕೆಗೆ ಹೊರಟಾಗಲೂ ಪಕ್ಕದ ಮನೆಯ ಮುದುಕಿ ಕೇಳಿದ್ದು, 'ದೇವಿ ಹಾಕಿಸ್ಕೊಳ್ಳಾಕ ಹೊಂಟೀಯೇನವಾ?' ಎಂದೇ.

ಊರೂರು ತಿರುಗುವ ದೇವಿ ಡಾಕ್ಟರರನ್ನು ಮುಂಬಯಿ ಸರ್ಕಾರ 19ನೇ ಶತಮಾನದಲ್ಲೇ ನೇಮಿಸಿತ್ತು. ಬಾದಾಮಿ, ಬಾಗಲಕೋಟೆ, ಹುನಗುಂದ ಆಗ ಕಲಾದಗಿ ಜಿಲ್ಲೆಯೊಳಗಿದ್ದವು. ಜನ ಅವರಿಗೆ ಹೆದರಿದ್ದಕ್ಕೆ ಕಾರಣವಿತ್ತು. ಹಿಂದೆಲ್ಲ ಒಂದು ಕೂಸಿನ ರಟ್ಟೆಯ ಗುಳ್ಳೆಯಿಂದ ರಸ ತೆಗೆದು ಇನ್ನೊಂದು ಕೂಸಿಗೆ ಹಚ್ಚುತ್ತಿದ್ದರು. ಗುಳ್ಳೆ ತುಂಬಿದ ಕೂಸನ್ನು ಎಂಟನೆಯ ದಿನ ಮುಂದಿನ ಊರಿಗೆ ಒಯ್ಯಬೇಕು, ಅದರ ತಾಯಿಯೂ ಹೋಗಬೇಕು. ಯಾರ ಮನೆಯ ಕೂಸಿನ ರಸವೋ, ಯಾವ ಬೇನೆ ಬೆನ್ನು ಹತ್ತಿ ಬರುತ್ತದೋ! ಆ ಅಳುಕನ್ನು ಮೂಢನಂಬಿಕೆ ಅಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಹಾಗೆ ಹಚ್ಚುವಾಗ ಬೇರೆ ರೋಗಗಳೂ ಅಂಟಿದ್ದುಂಟು.

ಆಯಿಯ ಎರಡನೆಯ ಮಗಳಿಗೆ ವರ್ಷ ತುಂಬಿದಾಗ ದೇವಿ ಡಾಕ್ಟರ ನಮ್ಮ ಓಣಿಗೆ ಬಂದನಂತೆ. ಆ ಹೊತ್ತಿಗೆ ಕೂಸಿನಿಂದ ಕೂಸಿಗೆ ಹಚ್ಚುವುದು ನಿಂತು ಹೋಗಿತ್ತು, ಹೆದರಿಕೆ ನಿಂತಿರಲಿಲ್ಲ. ಹೆಂಗಸರು ಕೂಸುಗಳನ್ನು ಬಚ್ಚಿಡತೊಡಗಿದರು. ನಮ್ಮ ಮನೆಯಲ್ಲಿ ಜಾಗ ತಯಾರೇ ಇತ್ತು. ಇಳಕಲ್ಲಿನ ಮಗ್ಗ ನೆಲದಲ್ಲಿ ಕುಣಿ ತೋಡಿ ಹೂಡಿದ್ದು. ನೇಯುವವರು ಕುಣಿಯೊಳಗೆ ಕಾಲು ಇಳಿಬಿಟ್ಟು ಕೂಡುತ್ತಾರೆ. ಮುತ್ಯಾ ಲಾಳಿ ಬಿಟ್ಟು ಎದ್ದ. ಆಯಿ ಕೂಸಿನ ಬಾಯಿಗೆ ಬೆಲ್ಲದ ಚೂರು ಇಟ್ಟು ಕುಣಿಯಲ್ಲಿ ಇಳಿಸಿ, ತಾನು ಅಂಚಿಗೆ ಕೂತು ಸೀರೆ ಹರವಿದಳು. ಎದುರಿಗೆ ಹಾಸು ಬಿಗಿದಂತೆಯೇ ಇತ್ತು. ಡಾಕ್ಟರ ಹೊಸ್ತಿಲಲ್ಲಿ ನಿಂತು ಕೇಳಿದರೆ, 'ಕೂಸು ನಮ್ಮವ್ವನ ಮನ್ಯಾಗ ಐತ್ರಿ' ಅಂದಳು. ಕೂಸು ಅಳಲಿಲ್ಲ. 'ಅವತ್ತ ಅತ್ತಿದ್ದರ ಚಲೋ ಇತ್ತು' ಎಂದು ಎಪ್ಪತ್ತು ದಾಟಿದ ಮೇಲೂ ಹೇಳುತ್ತಿದ್ದಳು.

ಮುಂದಿನ ವರ್ಷ ಬನದ ಹುಣ್ಣಿಮೆಗೆ ಬಂಡಿ ಕಟ್ಟಿಕೊಂಡು ಬಾದಾಮಿಯ ಬನಶಂಕರಿ ಜಾತ್ರೆಗೆ ಹೋದರು. 1880ರ ದಶಕದಲ್ಲಿ ಗದಗ–ವಿಜಾಪುರ ರೈಲು ಬಾದಾಮಿ, ಬಾಗಲಕೋಟೆಗಳ ಮೇಲೆ ಓಡಲು ಶುರುವಾದ ಮೇಲೆ ಜಾತ್ರೆಗೆ ದೂರದ ಮಂದಿಯೂ ಸೇರುತ್ತಿತ್ತು. ಸಿಡುಬಿನ ವೈರಸ್ಸಿಗೆ ಪ್ರಾಣಿಗಳಲ್ಲಿ ನೆಲೆಯಿಲ್ಲ, ಮನುಷ್ಯನಿಂದ ಮನುಷ್ಯನಿಗೇ ದಾಟಬೇಕು. ಹತ್ತಿರ ಕೂತವರ ಉಸಿರು, ಕೆಮ್ಮು, ಹಾಸಿಗೆ ಬಟ್ಟೆಗೆ ಅಂಟಿದ ಕೀವು ಅದರ ದಾರಿ. ಮೂಗು ಬಾಯಿಯಿಂದ ಒಳಹೊಕ್ಕು ಸುಮಾರು ಹನ್ನೆರಡು ದಿನ ಸದ್ದಿಲ್ಲದೆ ಬೆಳೆಯುತ್ತದೆ. ಅಷ್ಟರಲ್ಲಿ ಜಾತ್ರೆಯ ಮಂದಿ ಗುಳೇದಗುಡ್ಡ, ಹುನಗುಂದ, ಇಳಕಲ್ಲು ಸೇರಿ ಬಳೆ, ಬೆಂಡು, ಬೆತ್ತಾಸ ಹಂಚಿ ಮುಗಿಸಿರುತ್ತಾರೆ. ಆಮೇಲೆ ಒಮ್ಮೆಲೆ ಜ್ವರ, ಬೆನ್ನು ಮುರಿಯುವ ನೋವು. ಮೊದಲು ಬಾಯೊಳಗೆ ಹುಣ್ಣು, ಹಿಂದೆಯೇ ಮುಖ, ಕೈಕಾಲುಗಳ ಮೇಲೆ ಗುಳ್ಳೆ. ಮುಟ್ಟಿದರೆ ತೊಗಲಿನ ಕೆಳಗೆ ಜೋಳದ ಕಾಳು ಹುಗಿದಂತೆ ಗಟ್ಟಿ. ಆ ಕೂಸು ಹತ್ತನೆಯ ದಿನ ತೀರಿಕೊಂಡಿತು. ಅದರ ಮಗ್ಗುಲಲ್ಲೇ ಮಲಗಿದ್ದ ಆಯಿಗೂ ಬಂತು, ಉಳಿದಳು.

ಮನೆಯಲ್ಲಿ ನಡೆದ ಕಟ್ಟುಗಳನ್ನು ಆಕೆ ನನಗೆ ಒಂದೊಂದಾಗಿ ಹೇಳಿದ್ದಾಳೆ. ಬಾಗಿಲಿಗೆ ಬೇವಿನ ತಪ್ಪಲು. ಒಗ್ಗರಣೆ ಇಲ್ಲ, ಕ್ಷೌರ ಇಲ್ಲ. ಬಟ್ಟೆ ಅಗಸರಿಗೆ ಹಾಕುವಂತಿಲ್ಲ. ಮಗ್ಗ ನಿಂತಿತು, ಅರ್ಧ ನೇಯ್ದ ಸೀರೆಯನ್ನು ಯಾರೂ ಮುಟ್ಟಲಿಲ್ಲ. ಹಕ್ಕಳೆಯೆಲ್ಲ ಉದುರಿ, ಬೇವಿನ ನೀರು ಹಾಕುವವರೆಗೆ ಹೊರಗೆ ಕಾಲಿಡುವಂತಿಲ್ಲ. ವೈದ್ಯಶಾಸ್ತ್ರವೂ ಅದನ್ನೇ ಹೇಳುತ್ತದೆ: ಕೊನೆಯ ಹಕ್ಕಳೆ ಬೀಳುವ ತನಕ ಸಿಡುಬು ಅಂಟುತ್ತದೆ, ಒಣಗಿದ ಹಕ್ಕಳೆಯಲ್ಲೂ ವೈರಸ್ಸು ಬಹುಕಾಲ ಉಳಿಯಬಲ್ಲದು. ಅಗಸರ ಕೈಗೆ ಬಟ್ಟೆ ಕೊಡಬಾರದೆಂದ ಯಾವುದೋ ಕಾಲದ ಹೆಣ್ಣುಮಗಳಿಗೆ ನಾನು ಕೈ ಮುಗಿಯುತ್ತೇನೆ. ಆದರೆ ಅದೇ ಮನೆಗೆ ಓಣಿಯ ಹೆಂಗಸರು ಎಡೆ ಹಿಡಿದು, ಅವ್ವನ ಉಡಿ ತುಂಬಲು ಬರುತ್ತಿದ್ದರು. ಕಂಕುಳಲ್ಲಿ ಕೂಸು ಇರುತ್ತಿತ್ತು. ಬಾಗಿಲು ಮುಚ್ಚಿದ ಭಕ್ತಿಯೇ ಬಾಗಿಲು ತೆರೆದೂ ಕೊಟ್ಟಿತು.

ಆಯಿ ಬದಲಾದದ್ದು ಅವ್ವನನ್ನು ಬಿಟ್ಟು ಅಲ್ಲ. ದುರ್ಗಮುರಗಿಯವರು ದೇವಿಯ ಪೆಟ್ಟಿಗೆ ಹೊತ್ತು ಬಂದು, ಉರುಮೆ ಗುರುಗುಟ್ಟಿಸಿ, ಗಂಡಸು ಬಾರುಕೋಲಿನಿಂದ ಬರಿಮೈಗೆ ಹೊಡೆದುಕೊಳ್ಳುವಾಗ ಕೊನೆಯವರೆಗೂ ಮರದಲ್ಲಿ ಜೋಳ ತಂದು ನೀಡಿದಳು. ಅದೇ ಆಯಿ, ಮುಂದೆ ಹುಟ್ಟಿದ ಮಕ್ಕಳನ್ನೆಲ್ಲ ತಾನೇ ಎತ್ತಿಕೊಂಡು ಹೋಗಿ ದೇವಿ ಹಾಕಿಸಿದಳು. 'ಅವ್ವ ಬರೂದ ಬರತಾಳ. ದೊಡ್ಡಾಕಿ ಆಗಿ ಬರೂದ್ರೊಳಗ ಸಣ್ಣಾಕಿ ಇದ್ದಾಗ ನಾವ ಕರಕೋಬೇಕು' ಎಂಬುದು ಆಕೆಯ ಮಾತು. ಇದಕ್ಕಿಂತ ಚೆನ್ನಾಗಿ ಲಸಿಕೆಯನ್ನು ನನಗೆ ಯಾವ ಪುಸ್ತಕವೂ ವಿವರಿಸಿಲ್ಲ. ಲಸಿಕೆಯಲ್ಲಿದ್ದದ್ದು ಸಿಡುಬಿನ ದಾಯಾದಿಯಾದ, ಸೌಮ್ಯವಾದ ಜೀವಂತ ವೈರಸ್ಸು. ಮೂರನೆಯ ದಿನಕ್ಕೆ ಬೊಕ್ಕೆ, ವಾರಕ್ಕೆ ಕೀವು, ಸಣ್ಣ ಜ್ವರ, ಮೂರು ವಾರಕ್ಕೆ ಹಕ್ಕಳೆ ಉದುರಿ ಕಲೆ. ಅವ್ವನ ಪೂರ್ತಿ ಯಾತ್ರೆ, ಆದರೆ ಪಾವಲಿ ಅಗಲದ ಜಾಗದಲ್ಲಿ. ಮೈ ಅಷ್ಟರಲ್ಲೇ ಆಕೆಯ ಗುರುತು ಹಿಡಿದಿಟ್ಟುಕೊಳ್ಳುತ್ತದೆ.

ಆ ರಸ ಬರುತ್ತಿದ್ದದ್ದು ಬೆಳಗಾವಿಯಿಂದ. ಟಿಳಕವಾಡಿಯಲ್ಲಿ ಇಂದಿಗೂ ಮಂದಿ 'ವ್ಯಾಕ್ಸಿನ್ ಡಿಪೋ' ಎನ್ನುವ ಮೈದಾನವಿದೆ. ಅಲ್ಲಿ ಕರುಗಳ ಹೊಟ್ಟೆಯ ಕೂದಲು ಬೋಳಿಸಿ, ಗೀರಿ, ಲಸಿಕೆ ಬೆಳೆಸುತ್ತಿದ್ದರು. ಬಾದಾಮಿಯ ತನಕ ರೈಲಿತ್ತು. ಹುನಗುಂದ, ಇಳಕಲ್ಲಿಗೆ ಇರಲಿಲ್ಲ. ನಮ್ಮ ಬ್ಯಾಸಿಗೆಯ ಬಿಸಿಲಿಗೆ ದ್ರವರೂಪದ ಲಸಿಕೆ ದಾರಿಯಲ್ಲೇ ಸತ್ವ ಕಳೆದುಕೊಳ್ಳುತ್ತಿತ್ತು. ಒಣಪುಡಿಯ ಲಸಿಕೆ ಬಳಕೆಗೆ ಬಂದದ್ದು 1960ರ ದಶಕದಲ್ಲಿ. ಶಾಲೆಯಲ್ಲಿ ನನಗೆ ಎರಡನೆಯ ಸಲ ಹಾಕಿದ್ದು ಹಲ್ಲಿನ ಬಿಲ್ಲೆಯನ್ನು ರಟ್ಟೆಗೆ ಒತ್ತಿ ತಿರುವುವ ಸಾಧನದಿಂದ. ಬಿಲ್ಲೆ ತಿರುಗುವಾಗಿನ ಉರಿ ಈಗಲೂ ನೆನಪಿದೆ. ಆಮೇಲೆ ಕವಲು ತುದಿಯ ಸೂಜಿ ಬಂತು.

1974ರಲ್ಲಿ ದೇಶದಲ್ಲಿ ಸುಮಾರು 1,88,000 ಮಂದಿಗೆ ಸಿಡುಬು ತಗುಲಿತು, ಹೆಚ್ಚಿನವರು ಬಿಹಾರದವರು. 1975ರ ಮೇ 24ರಂದು ಅಸ್ಸಾಮಿನ ಕರೀಂಗಂಜಿನಲ್ಲಿ ಸಿಕ್ಕ ಪ್ರಕರಣವೇ ಭಾರತದ ಕೊನೆಯದು. ಆಗಲೂ ಹುಡುಕಾಟ ನಿಲ್ಲಲಿಲ್ಲ. ಸಿಡುಬು ತೋರಿಸಿಕೊಟ್ಟವರಿಗೆ 1,000 ರೂಪಾಯಿ ಬಹುಮಾನ. 1980ರ ಮೇ 8ರಂದು ಜಗತ್ತೇ ಸಿಡುಬಿನಿಂದ ಬಿಡುಗಡೆಯಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಭೆ ಘೋಷಿಸಿತು.

ಹುಡುಕಾಟದ ಆ ದಿನಗಳಲ್ಲಿ ನಾನು ಹುನಗುಂದ ತಾಲ್ಲೂಕಿನ ಕನ್ನಡ ಶಾಲೆಯಲ್ಲಿ ಹೊಸ ಮಾಸ್ತರಿಣಿ. ಆರೋಗ್ಯ ಇಲಾಖೆಯವರೊಬ್ಬರು ಬಂದು, ಮೈತುಂಬ ಗುಳ್ಳೆ ಎದ್ದ ಕೂಸಿನ ಚಿತ್ರದ ಕಾರ್ಡು ಹಿಡಿದು, 'ಇಂಥಾದ್ದು ಎಲ್ಲಾದರೂ ನೋಡೀರೇನು?' ಎಂದು ಮಕ್ಕಳನ್ನು ಕೇಳಿದರು. ಒಬ್ಬರೂ ಕೈ ಎತ್ತಲಿಲ್ಲ. ಒಂದು ರಾತ್ರಿಗೆ ಆ ಕಾರ್ಡನ್ನು ಕೇಳಿ ಇಸಿದುಕೊಂಡು ಮನೆಗೆ ಒಯ್ದೆ. ಆಯಿಗೆ ಆಗ ಕಣ್ಣು ಮಂಜು. ಕಂದೀಲಿನ ಹತ್ತಿರ ಹಿಡಿದು, ಚಿತ್ರದ ಮುಖದ ಮೇಲೆ ಹೆಬ್ಬೆರಳು ಆಡಿಸಿದಳು. 'ಯಾರ ಕೂಸವಾ ಇದು? ಉಳೀತೇನು?' ಎಂದಳು. ಗೊತ್ತಿಲ್ಲ ಎಂದೆ. ಕಾರ್ಡನ್ನು ದೇವರ ಜಗಲಿಯ ಮೇಲೆ ಇಟ್ಟು, ಡಬ್ಬಿಯಿಂದ ಬೆಲ್ಲದ ಚೂರು ತಂದು ಅದರ ಮುಂದಿಟ್ಟು ಮಲಗಿದಳು.