ಫೋರ್ಟ್ ರಾಸ್: ಶಾಲಾ ಮಕ್ಕಳ ಕೋಟೆವಾಸ ಮತ್ತು ಧ್ವಜಾರೋಹಣ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಫೋರ್ಟ್ ರಾಸ್ ಕೋಟೆಯಲ್ಲಿ ಶಾಲಾ ಮಕ್ಕಳು ಹಳೆಯ ಕಾಲದ ನಿವಾಸಿಗಳ ವೇಷ ತೊಟ್ಟು ಒಂದು ರಾತ್ರಿ ತಂಗುವ ಕಲಿಕಾ ಕಾರ್ಯಕ್ರಮವಿದೆ. ಧ್ವಜಾರೋಹಣ ಅದರ ಒಂದು ಅಂಗ. ಅಲ್ಲಿ ಏರುವುದು ರಷ್ಯನ್-ಅಮೆರಿಕನ್ ಕಂಪನಿ ಎಂಬ ವ್ಯಾಪಾರ ಸಂಸ್ಥೆಯ ಬಾವುಟ.

ಈ ಕಂಪನಿಗೆ ರಷ್ಯಾದ ಚಕ್ರವರ್ತಿ ಒಂದನೆಯ ಪಾಲ್ ಸನ್ನದು ಕೊಟ್ಟದ್ದು 1799ರಲ್ಲಿ. ಅದೇ ವರ್ಷ ಇನ್ನೊಂದು ಕಂಪನಿಯ ಸೈನ್ಯಕ್ಕೆ ಶ್ರೀರಂಗಪಟ್ಟಣ ಬಿದ್ದಿತ್ತು. ಹಾಗಾಗಿ ‘ಕಂಪನಿ ಸರ್ಕಾರ’ ಎಂದರೇನೆಂದು ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ. 1806ರಲ್ಲಿ ಒಂದನೆಯ ಅಲೆಕ್ಸಾಂಡರ್ ಕಂಪನಿಗೆ ಪ್ರತ್ಯೇಕ ಧ್ವಜ ಮಂಜೂರು ಮಾಡಿದ. ರಷ್ಯಾದ ಬಿಳಿ, ನೀಲಿ, ಕೆಂಪು ಪಟ್ಟಿಗಳೇ ಅದರಲ್ಲೂ ಇದ್ದವು. ಆದರೆ ಮೇಲಿನ ಬಿಳಿ ಪಟ್ಟಿಯನ್ನು ಅಗಲ ಮಾಡಿ, ಅದರಲ್ಲಿ ಎರಡು ತಲೆಯ ಹದ್ದನ್ನು ಕೂರಿಸಲಾಗಿತ್ತು.

1812ರಲ್ಲಿ ಕಂಪನಿಯ ಅಧಿಕಾರಿ ಇವಾನ್ ಕುಸ್ಕೋವ್ 25 ರಷ್ಯನ್ನರನ್ನೂ ಅಲಾಸ್ಕದ 80 ಮಂದಿ ಮೂಲನಿವಾಸಿಗಳನ್ನೂ ಕರೆತಂದು ಕಶಾಯಾ ಮೂಲನಿವಾಸಿಗಳ ನೆಲವಾದ ಮೆಟಿನಿಯಲ್ಲಿ ರೆಡ್‌ವುಡ್ ಮರದ ಈ ಕೋಟೆ ಕಟ್ಟಿದ. ಕಡಲ ನೀರುನಾಯಿಯ ತುಪ್ಪಳ ಸಂಗ್ರಹ, ಅಲಾಸ್ಕದ ನೆಲೆಗಳಿಗೆ ಗೋಧಿ ಒದಗಿಸುವುದು, ಇವೆರಡು ಉದ್ದೇಶ. ಬೇಟೆಯ ಭರಾಟೆಗೆ ನೀರುನಾಯಿ ಅಪರೂಪವಾಯಿತು. ಕಡಲ ಮಂಜಿನ ನಡುವೆ ಗೋಧಿಯೂ ಕೈಹಿಡಿಯಲಿಲ್ಲ. 1841ರಲ್ಲಿ ಕಂಪನಿ ತನ್ನ ಆಸ್ತಿಯನ್ನು ಜಾನ್ ಸಟರ್ ಎಂಬವನಿಗೆ ಮಾರಿ ಜಾಗ ಖಾಲಿ ಮಾಡಿತು.

1906ರಲ್ಲಿ ಕೋಟೆ ರಾಜ್ಯದ ಸ್ವತ್ತಾಯಿತು. ಆ ವರ್ಷದ ಭೂಕಂಪಕ್ಕೆ ಚರ್ಚು ಕುಸಿಯಿತು. ಮತ್ತೆ ಕಟ್ಟಿದ್ದು 1970ರಲ್ಲಿ ಬೆಂಕಿಗೆ ಆಹುತಿಯಾಯಿತು. ರಷ್ಯನ್ನರ ಕಾಲದ್ದೆಂದು ಇಂದು ಉಳಿದಿರುವ ಕಟ್ಟಡ ಕೊನೆಯ ವ್ಯವಸ್ಥಾಪಕ ರಾಟ್ಚೆವ್‌ನ ಮನೆಯೊಂದೇ. ಮಿಕ್ಕದ್ದೆಲ್ಲ ಮರುನಿರ್ಮಾಣ. ಮಕ್ಕಳು ಮಲಗುವುದು ಅಂಥ ಹೊಸ ಗೋಡೆಗಳ ನಡುವೆಯೇ.

ಮಕ್ಕಳ ಕೋಟೆವಾಸ ಆರಂಭವಾದದ್ದು 1970ರ ದಶಕದಲ್ಲಿ. ಬರುವವರಲ್ಲಿ ಹೆಚ್ಚಿನವರು ನಾಲ್ಕನೆಯ ತರಗತಿಯವರು. ರಾಜ್ಯದ ಇತಿಹಾಸ ಪಠ್ಯದಲ್ಲಿರುವುದು ಆ ತರಗತಿಯಲ್ಲೇ. ಶಿಕ್ಷಕರಿಗೂ ಜೊತೆಗೆ ಬರುವ ಪಾಲಕರಿಗೂ ಮೊದಲೇ ತರಬೇತಿಯಾಗಿರುತ್ತದೆ. ಮಕ್ಕಳು ಗುಮಾಸ್ತರು, ಅಡುಗೆಯವರು, ಬೇಟೆಗಾರರು, ಕಾವಲಿನವರು ಎಂದು ಗುಂಪುಗಳಾಗಿ, ಹಿಂದೆ ಇಲ್ಲಿದ್ದವರ ಹೆಸರುಗಳನ್ನು ಇಟ್ಟುಕೊಳ್ಳುತ್ತಾರೆ. ಅಡುಗೆಯವರಿಗೆ ಸೌದೆ ಒಲೆಯ ಹೊಗೆ, ಕಾವಲಿನವರಿಗೆ ಕವಾಯತು. ಬಾವುಟ ಏರಿಸುವುದೂ ಸಾಮಾನ್ಯವಾಗಿ ಕಾವಲಿನವರ ಪಾಲು. ರಾತ್ರಿ ಸರದಿಯ ಮೇಲೆ ಎದ್ದು, ನಿದ್ದೆಗಣ್ಣಲ್ಲೇ ಕೋಟೆ ಕಾಯಬೇಕು. ಪಠ್ಯಪುಸ್ತಕದ ಹತ್ತು ಪುಟಗಳಿಗಿಂತ ಆ ಚಳಿಯೇ ಹೆಚ್ಚು ಕಲಿಸೀತು.

ಆದರೂ ಧ್ವಜಾರೋಹಣದಲ್ಲಿ ಕಾಣುವುದು ಕಂಪನಿಯ ಕಡೆಯ ಕಥೆ ಮಾತ್ರ. ಕುಸ್ಕೋವ್ 1820 ಮತ್ತು 1821ರಲ್ಲಿ ಸಿದ್ಧಪಡಿಸಿದ ನಿವಾಸಿಗಳ ಪಟ್ಟಿಯಲ್ಲಿ ರಷ್ಯನ್ನರಿಗಿಂತ ಅಲಾಸ್ಕದವರೇ ಹೆಚ್ಚು. ಅವರ ಸಂಗಾತಿಗಳಾಗಿದ್ದ ಸ್ಥಳೀಯ ಮಹಿಳೆಯರ ಹೆಸರುಗಳೂ ಅದರಲ್ಲಿವೆ. 1817ರಲ್ಲಿ ಕಂಪನಿಯ ಪರವಾಗಿ ಹಾಗೆಮೈಸ್ಟರ್ ಎಂಬ ನೌಕಾ ಅಧಿಕಾರಿ ಇಲ್ಲಿನ ಮೂಲನಿವಾಸಿ ಮುಖಂಡರನ್ನು ಕೋಟೆಗೆ ಕರೆಸಿ, ನೆಲ ಬಿಟ್ಟುಕೊಟ್ಟದ್ದಕ್ಕೆ ಕೃತಜ್ಞತೆ ಹೇಳಿ, ಅವರಲ್ಲಿ ಚುಗುವಾನ್ ಎಂಬವನಿಗೆ ಬೆಳ್ಳಿ ಪದಕ ಕೊಟ್ಟ. ಆ ಸಭೆಯ ನಡಾವಳಿಗೆ ಸಹಿ ಹಾಕಿದವರು ರಷ್ಯನ್ನರ ಕಡೆಯವರು ಮಾತ್ರ.