ಮುಸುಕು ಹಾಕಿದ ಮಾತು: ಬಳ್ಳಾರಿ 1999ರಿಂದ ಅಂಜನಾದ್ರಿ 2023ರವರೆಗೆ

ಬರಹ ಸ್ವಲ್ಪ ಉದ್ದ ಐತಿ, ಪುರುಸೊತ್ತು ಮಾಡ್ಕೊಂಡು ಓದ್ರಿ.

2024ರ ಅಕ್ಟೋಬರ್ ಕೊನೆಗೆ ನಮ್ಮ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ವಿಡಿಯೊ ಬಹಳ ಓಡಾಡಿತು. ಡೊನಾಲ್ಡ್ ಟ್ರಂಪ್ ಕಿತ್ತಳೆ ಬಣ್ಣದ ಜಾಕೀಟು ಹಾಕ್ಕೊಂಡು ಕಸದ ಲಾರಿ ಹತ್ತಿ ಕೂತದ್ದು. ಅದಕ್ಕಿಂತ ಹತ್ತು ದಿನ ಮೊದಲು ಇದೇ ಮನುಷ್ಯ ಪೆನ್ಸಿಲ್ವೇನಿಯಾದ ಮ್ಯಾಕ್‌ಡೊನಾಲ್ಡ್ಸ್ ಅಂಗಡಿಯಲ್ಲಿ ಏಪ್ರನ್ ಕಟ್ಕೊಂಡು ಆಲೂಗಡ್ಡೆ ಫ್ರೈ ಹಂಚಿದ್ದರು. ನಮ್ಮ ಹುಡುಗರು ನಕ್ಕಿದ್ದೇ ನಕ್ಕಿದ್ದು. "ಅಮೆರಿಕಾದಾಗೂ ಇಂಥ ನಾಟಕ ನಡೀತಾವೇನ್ರಿ" ಅಂತ ಒಬ್ಬ ತಮ್ಮ ಕೇಳಿದ. ನಡೀತಾವೆ. 2019ರ ಫೆಬ್ರವರಿಯಲ್ಲಿ ಪ್ರಯಾಗ್‌ರಾಜ್ ಕುಂಭಮೇಳದಲ್ಲಿ ಪ್ರಧಾನಿ ಐವರು ಪೌರಕಾರ್ಮಿಕರ ಪಾದ ತೊಳೆದಾಗ ಲೋಕಸಭೆ ಚುನಾವಣೆಗೆ ಎರಡು ತಿಂಗಳೂ ಇರಲಿಲ್ಲ. ಕಾಲು ತೊಳೆಸಿಕೊಂಡವರ ಕೈಗೆ ಮರುದಿನ ಅದೇ ಪೊರಕೆ ಬಂತು.

ಆದರೆ ಇವೆಲ್ಲ ಕಣ್ಣಿಗೆ ಕಾಣೋ ನಾಟಕ. ನೋಡಿದವರಿಗೆ ನಾಟಕ ಅಂತ ಗೊತ್ತಾಗ್ತದೆ, ಅದಕ್ಕೇ ಅಪಾಯ ಕಮ್ಮಿ. ನಾನು ಹೇಳಬೇಕಂತಿರೋದು ಕಾಣದೇ ಇರೋ ಇನ್ನೊಂದು ತಂತ್ರದ ಬಗ್ಗೆ. ಜಾತಿ ಹೆಸರು ಎತ್ತದೆ ಜಾತಿ ರಾಜಕಾರಣ ಮಾಡೋದು, ಬಣ್ಣದ ಹೆಸರು ಎತ್ತದೆ ವರ್ಣದ್ವೇಷ ಬಿತ್ತೋದು.

ಇದರ ಗುಟ್ಟನ್ನು ಅಮೆರಿಕಾದ ಒಬ್ಬ ಪ್ರಚಾರ ತಂತ್ರಗಾರನೇ ಬಾಯಿಬಿಟ್ಟು ಹೇಳಿದಾನೆ. ಹೆಸರು ಲೀ ಆಟ್‌ವಾಟರ್, ರಿಪಬ್ಲಿಕನ್ ಪಕ್ಷದವ. 1981ರಲ್ಲಿ ಒಂದು ಸಂದರ್ಶನ ಕೊಟ್ಟ. ಸಾರಾಂಶ ಇಷ್ಟು: 1954ರಲ್ಲಿ ಕರಿಯರನ್ನು ಬಹಿರಂಗವಾಗಿ ಕೆಟ್ಟ ಹೆಸರಿನಿಂದ ಬೈದು ವೋಟು ಕೇಳಬಹುದಿತ್ತು. 1968ರ ಹೊತ್ತಿಗೆ ಹಂಗ ಬೈದರೆ ತಿರುಗುಬಾಣ ಆಗ್ತಿತ್ತು. ಹಾಗಾಗಿ 'ರಾಜ್ಯಗಳ ಹಕ್ಕು' ಅನ್ನೋ ಮಾತು ಬಂತು, ಆಮೇಲೆ 'ತೆರಿಗೆ ಕಡಿತ' ಬಂತು. ಕೇಳೋಕೆ ಬರೀ ಆರ್ಥಿಕ ಮಾತು, ಪೆಟ್ಟು ಬೀಳೋದು ಮಾತ್ರ ಕರಿಯರ ಬೆನ್ನಿಗೇ. 1968ರಲ್ಲಿ ನಿಕ್ಸನ್ ದಕ್ಷಿಣದ ಬಿಳಿಯರ ವೋಟು ಎಳೆದದ್ದು ಇಂಥ ಮುಸುಕು ಹಾಕಿದ ಮಾತಿನಿಂದಲೇ. ಅಲ್ಲಿ 1964ರ ನಾಗರಿಕ ಹಕ್ಕು ಕಾಯ್ದೆ ಬಂದಿತ್ತು ನೋಡ್ರಿ. ಕಾಯ್ದೆ ಬಂದ ಕೂಡಲೇ ಮನಸ್ಸು ಬದಲಾಗಲಿಲ್ಲ, ಶಬ್ದ ಬದಲಾಯಿತು.

ಆಟ್‌ವಾಟರ್ ಮುಂದೆ 1988ರಲ್ಲಿ ಹಿರಿಯ ಬುಷ್ ಅವರ ಪ್ರಚಾರದ ಮುಖ್ಯಸ್ಥ ಆದ. ಎದುರಾಳಿ ಮೈಕೆಲ್ ಡುಕಾಕಿಸ್, ಮ್ಯಾಸಚೂಸೆಟ್ಸ್ ಗವರ್ನರ್. ಆ ರಾಜ್ಯದ ಜೈಲಿನಿಂದ ರಜೆ ಮೇಲೆ ಹೊರಬಂದು ಅಪರಾಧ ಮಾಡಿದ ವಿಲ್ಲಿ ಹಾರ್ಟನ್ ಎಂಬ ಕರಿಯ ಕೈದಿಯ ಮುಖವನ್ನು ಟಿವಿ ಜಾಹೀರಾತಿನಲ್ಲಿ ತೋರಿಸಿದರು. ಅದನ್ನು ಮಾಡಿದ್ದು ಬುಷ್ ಬೆಂಬಲಿಗರ ಹೊರಗಿನ ಗುಂಪು, ಪಕ್ಷಕ್ಕೆ ಕೈ ತೊಳೆದುಕೊಳ್ಳೋಕೆ ಅನುಕೂಲ. ಜಾಹೀರಾತಿನಲ್ಲಿ 'ಕರಿಯ' ಅನ್ನೋ ಶಬ್ದ ಇಲ್ಲ. ಬೇಕಾಗಿಯೂ ಇರಲಿಲ್ಲ, ಫೋಟೊ ಇತ್ತಲ್ಲ. ಬುಷ್ ಗೆದ್ದರು. ಆಟ್‌ವಾಟರ್ ಮಿದುಳಿನ ಗಡ್ಡೆಯಾಗಿ 1991ರಲ್ಲಿ ಸತ್ತ, ಸಾಯೋಕೂ ಮೊದಲು ಡುಕಾಕಿಸ್‌ಗೆ ಕ್ಷಮೆ ಕೇಳಿದ. ತಂತ್ರ ಮಾತ್ರ ಸಾಯಲಿಲ್ಲ. 2024ರ ಸೆಪ್ಟೆಂಬರ್ 10ರ ಚರ್ಚೆಯಲ್ಲಿ ಟ್ರಂಪ್, ಸ್ಪ್ರಿಂಗ್‌ಫೀಲ್ಡ್ ಊರಿಗೆ ವಲಸೆ ಬಂದವರು ಮಂದಿಯ ಸಾಕುನಾಯಿ, ಬೆಕ್ಕು ತಿಂತಿದಾರೆ ಅಂದರು. ಅದಕ್ಕೆ ಆಧಾರ ಇಲ್ಲ ಅಂತ ಆ ಊರಿನ ಅಧಿಕಾರಿಗಳೇ ಹೇಳಿದರು. ಆದರೂ ಬಾಂಬ್ ಬೆದರಿಕೆ ಬಂದು ಶಾಲೆಗಳಿಂದ ಮಕ್ಕಳನ್ನು ಹೊರಗೆ ಕಳಿಸಬೇಕಾಯ್ತು. 'ಅವರು ಏನು ತಿಂತಾರೆ ಗೊತ್ತೇನು' ಅನ್ನೋ ಮಾತಿನ ವಿಷ ಎಷ್ಟಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ನಮ್ಮ ಕಡೆ ಬರೋಣ. ನಮ್ಮಲ್ಲಿ 1989ರಲ್ಲಿ ದೌರ್ಜನ್ಯ ತಡೆ ಕಾಯ್ದೆ ಬಂತು. ಅದರ ನಂತರ ವೇದಿಕೆ ಮೇಲೆ ಜಾತಿ ಹೆಸರು ಹಿಡಿದು ಬೈಯೋದು ಕಮ್ಮಿ ಆಯಿತು. ಬದಲಿಗೆ ಸಂಸ್ಕೃತಿ, ಸಂಪ್ರದಾಯ, ಊರಿನ ಶಾಂತಿ, ದೈವದ ಮಾತು, ಮೆರಿಟ್ಟು ಅನ್ನೋ ಶಬ್ದಗಳು ಬಂದವು. ಆಟ್‌ವಾಟರ್ ಬಂದು ಕಲಿಸಿದ್ದಲ್ಲ, ನಮ್ಮವರಿಗೆ ಇದು ಸಾವಿರ ವರ್ಷದ ರೂಢಿ.

ಇದರಲ್ಲಿ ದೇಶವೇ ತಿರುಗಿ ನೋಡಿದ ಪ್ರಯೋಗ ನಡೆದದ್ದು ನಮ್ಮ ಪಕ್ಕದ ಬಳ್ಳಾರಿಯಲ್ಲಿ, 1999ರಲ್ಲಿ. 1952ರಿಂದ ಕಾಂಗ್ರೆಸ್ ಬಿಟ್ಟುಕೊಡದ ಲೋಕಸಭಾ ಕ್ಷೇತ್ರ ಅದು. ಸೋನಿಯಾ ಗಾಂಧಿ ಕೊನೇ ಗಳಿಗೆವರೆಗೆ ಗುಟ್ಟು ಕಾಯ್ದುಕೊಂಡು ಅಲ್ಲಿ ನಾಮಪತ್ರ ಹಾಕಿದರು. ಬಿಜೆಪಿ ಅಷ್ಟೇ ಅವಸರದಲ್ಲಿ ಸುಷ್ಮಾ ಸ್ವರಾಜ್ ಅವರನ್ನು ಇಳಿಸಿತು. ಸುಷ್ಮಾ ಸಾಮಾನ್ಯದವರಲ್ಲ. ಕೆಲವೇ ದಿನದಲ್ಲಿ ಕನ್ನಡ ಕಲಿತು ಕನ್ನಡದಲ್ಲೇ ಭಾಷಣ ಮಾಡಿದರು. ದೊಡ್ಡ ಕುಂಕುಮ, ಕೈತುಂಬ ಬಳೆ. ಘೋಷಣೆ ಏನು? ಸ್ವದೇಶಿ ಮಗಳು, ವಿದೇಶಿ ಸೊಸೆ. ಶ್ರಮ ಪಟ್ಟರು, ಅದನ್ನು ಒಪ್ಪಬೇಕು. ಪ್ರಚಾರಕಲೆ ಅಂತ ನೋಡಿದರೆ ಕರ್ನಾಟಕದಲ್ಲಿ ಅದಕ್ಕಿಂತ ಚುರುಕಾದದ್ದು ನಾನು ಕಂಡಿಲ್ಲ. ಎದುರಿಗೆ ಕಾಂಗ್ರೆಸ್ ಬಳಿ ಇದ್ದದ್ದು ಇಂದಿರಮ್ಮನ ಹೆಸರು, ಪ್ರಿಯಾಂಕಾ ರೋಡ್ ಶೋ.

ಆದರೆ 'ಮಗಳು' ಅನ್ನೋ ಶಬ್ದದ ಮುಸುಕು ತೆಗೆದು ನೋಡ್ರಿ. ಯಾರ ಮನೆಯ ಮಗಳು? ಬಳ್ಳಾರಿ, ಕೊಪ್ಪಳ, ರಾಯಚೂರು ಅಂದರೆ ಕೇರಿಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿದ ಸೀಮೆ. ದೇವದಾಸಿ ನಿಷೇಧ ಕಾಯ್ದೆ 1982ರದ್ದು. ಅದಾದ ಮೇಲೂ 1993-94 ಮತ್ತು 2007-08ರ ಸರ್ಕಾರಿ ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಒಟ್ಟು 46 ಸಾವಿರಕ್ಕೂ ಹೆಚ್ಚು ದೇವದಾಸಿ ಮಹಿಳೆಯರು ಲೆಕ್ಕಕ್ಕೆ ಸಿಕ್ಕರು. ಬಹುಪಾಲು ನಮ್ಮವರೇ. ಕುಂಕುಮ, ಬಳೆ, ಮುತ್ತೈದೆತನ ಚುನಾವಣೆಯ ಚಿಹ್ನೆಯಾದಾಗ ಆ ಅವ್ವಂದಿರು ಯಾವ ಸಾಲಿನಲ್ಲಿ ನಿಲ್ಲಬೇಕಿತ್ತು? ಇಟಲಿಯವಳೋ ಇಲ್ಲಿಯವಳೋ ಅನ್ನೋ ಜಗಳದಲ್ಲಿ ಇಲ್ಲಿಯವಳೇ ಆಗಿ ಊರ ಹೊರಗೆ ಉಳಿದವಳ ಪ್ರಶ್ನೆ ಮುಚ್ಚಿಹೋಯಿತು. ಆ ಕಾಲಕ್ಕೆ ಯಲಬುರ್ಗಾ ಸೀಮೆಯ ನಮ್ಮ ಮಂಗಳೂರು ಕಡೆಯಿಂದ (ಕಡಲಿನ ಮಂಗಳೂರಲ್ಲ ಮತ್ತ, ಒಣಭೂಮಿಯ ಮಂಗಳೂರು) ಹೆಣ್ಮಕ್ಕಳು ಗಂಗಾವತಿ, ಸಿರುಗುಪ್ಪ ಕಡೆ ಭತ್ತ ನಾಟಿಗೆ ಹೋಗ್ತಿದ್ದರು. ಹಂಗ ಹೋಗಿ ಬಂದ ಒಬ್ಬ ಚಿಗವ್ವ ಹೇಳಿದ್ದು ನೆನಪೈತಿ: "ಯಾವಾಕಿ ಗೆದ್ರೂ ನಾಟಿ ಕೂಲಿ ಅಷ್ಟ ಐತಿ ಬಿಡಪಾ."

ಗೆದ್ದದ್ದು ಸೋನಿಯಾ, 56,100 ಮತಗಳ ಅಂತರದಿಂದ. ಅಮೇಠಿಯಲ್ಲೂ ಗೆದ್ದಿದ್ದರು. ಅಮೇಠಿ ಉಳಿಸಿಕೊಂಡು ಬಳ್ಳಾರಿ ಬಿಟ್ಟುಕೊಟ್ಟರು. ಇಂದಿರಮ್ಮನ ಸೊಸೆ ಅಂತ ವೋಟು ಒತ್ತಿದ ಕೇರಿಗಳಿಗೆ ಉಳಿದದ್ದು ಒಂದು ಉಪಚುನಾವಣೆ.

ಸೋತ ಸುಷ್ಮಾ ಬಳ್ಳಾರಿ ಬಿಡಲಿಲ್ಲ. ವರಮಹಾಲಕ್ಷ್ಮಿ ಹಬ್ಬಕ್ಕೆ ವರ್ಷ ವರ್ಷ ಬಂದರು. ಆ ಚುನಾವಣೆಯಲ್ಲಿ ಅವರ ಬೆನ್ನಿಗೆ ನಿಂತಿದ್ದ ರೆಡ್ಡಿ ಸಹೋದರರು ಮತ್ತು ಶ್ರೀರಾಮುಲು ಮೇಲೆ ಬಂದರು. 2004ರಲ್ಲಿ ಕರುಣಾಕರ ರೆಡ್ಡಿ ಬಳ್ಳಾರಿ ಸಂಸದ. 2008ರ ಬಿಜೆಪಿ ಸರ್ಕಾರದಲ್ಲಿ ಮೂವರು ಮಂತ್ರಿಗಳು. 2011ರಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ಗಣಿ ವರದಿ, ಬೊಕ್ಕಸಕ್ಕೆ 16 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ನಷ್ಟ ಅಂತ. ಅದೇ ಸೆಪ್ಟೆಂಬರ್‌ನಲ್ಲಿ ಜನಾರ್ದನ ರೆಡ್ಡಿ ಅವರನ್ನು ಸಿಬಿಐ ಬಂಧಿಸಿತು. ಸುಷ್ಮಾ ಆಮೇಲೆ ರೆಡ್ಡಿಗಳಿಗೂ ತನಗೂ ಸಂಬಂಧವಿಲ್ಲ ಅನ್ನೋ ಹಾಗೆ ಮಾತಾಡಿದರು. ಇರಲಿ. ಗಣಿ ಧೂಳಿನಲ್ಲಿ ಅದಿರು ಆರಿಸಿದ ಮಕ್ಕಳು ಯಾವ ಜಾತಿಯವರಿದ್ದರು ಅಂತ ಸಂಡೂರು, ಹೊಸಪೇಟೆಯ ಗೆಳೆಯರನ್ನು ಕೇಳ್ರಿ.

ಜಾಮೀನಿನ ಷರತ್ತಿನಿಂದ ಬಳ್ಳಾರಿಗೆ ಕಾಲಿಡುವಂತಿರಲಿಲ್ಲ. ಹಾಗಾಗಿ ಜನಾರ್ದನ ರೆಡ್ಡಿ ನಮ್ಮ ಜಿಲ್ಲೆಗೇ ಬಂದರು. 2022ರ ಡಿಸೆಂಬರ್‌ನಲ್ಲಿ ಕಲ್ಯಾಣ ರಾಜ್ಯ ಪ್ರಗತಿ ಪಕ್ಷ ಕಟ್ಟಿದರು, ಗಂಗಾವತಿಯಲ್ಲಿ ಮನೆ ಮಾಡಿದರು, ಫುಟ್‌ಬಾಲ್ ಗುರುತಿನಿಂದ ನಿಂತು ಎಂಟು ಸಾವಿರದಷ್ಟು ಮತಗಳಿಂದ ಗೆದ್ದರು. ಗಂಗಾವತಿ ಅಂದರೆ ಅಂಜನಾದ್ರಿ. ಹನುಮ ಹುಟ್ಟಿದ ಬೆಟ್ಟ ಅಂತ 2022ರ ಬಜೆಟ್‌ನಲ್ಲಿ ಬೊಮ್ಮಾಯಿ ಸರ್ಕಾರ ಅದಕ್ಕೆ 100 ಕೋಟಿ ಇಟ್ಟಿತ್ತು.

2023ರ ಮೇ 2ರಂದು ಕಾಂಗ್ರೆಸ್ ಪ್ರಣಾಳಿಕೆ ಬಂತು. ಅದರಲ್ಲಿ ಪಿಎಫ್‌ಐ ಜೊತೆ ಬಜರಂಗದಳದ ಹೆಸರಿತ್ತು. ಅದೇ ದಿನ ಹೊಸಪೇಟೆಯಲ್ಲಿ ಮೋದಿ, ಜೈ ಬಜರಂಗಬಲಿ ಅನ್ನೋರನ್ನು ಬೀಗ ಹಾಕಿಡೋಕೆ ಹೊರಟಿದಾರೆ ಅಂದರು. ಮರುದಿನದಿಂದ ಬಟನ್ ಒತ್ತುವಾಗ ಜೈ ಬಜರಂಗಬಲಿ ಅನ್ನಿ ಅನ್ನೋ ಕರೆ. ಒಂದು ಸಂಘಟನೆ ಒಂದೇ ದಿನದಲ್ಲಿ ದೇವರಾಯಿತು! ಕಾಂಗ್ರೆಸ್ ಏನು ಮಾಡಿತು? ಡಿ.ಕೆ. ಶಿವಕುಮಾರ್ ಎರಡೇ ದಿನದಲ್ಲಿ ರಾಜ್ಯದ ತುಂಬ ಆಂಜನೇಯ ಗುಡಿ ಅಭಿವೃದ್ಧಿ, ಅಂಜನಾದ್ರಿಗೆ ಆದ್ಯತೆ ಅಂತ ಭರವಸೆ ಕೊಟ್ಟರು. ಮುಸುಕು ಎಳೆದು ತೆಗೆಯೋ ಬದಲು ತಾವೂ ಒಂದು ಮುಸುಕು ಹಾಕಿಕೊಂಡರು.

ಈ ಗದ್ದಲದಲ್ಲಿ ನಮ್ಮ ಜಿಲ್ಲೆಯ ಇನ್ನೊಂದು ಹನುಮಪ್ಪನ ಗುಡಿಯ ಕತೆ ಯಾರೂ ಎತ್ತಲಿಲ್ಲ. ಕುಷ್ಟಗಿ ತಾಲ್ಲೂಕಿನ ಮಿಯಾಪುರ, 2021ರ ಸೆಪ್ಟೆಂಬರ್ 4. ಎರಡು ವರ್ಷದ ಕೂಸಿನ ಹುಟ್ಟುಹಬ್ಬ ಅಂತ ಅಪ್ಪ ಗುಡಿ ಹೊರಗೆ ನಿಂತು ಕೈ ಮುಗೀತಿದ್ದ. ಮಳೆ ಬಂತು, ಕೂಸು ಒಳಗೆ ಓಡಿತು. ಗುಡಿ ಶುದ್ಧಿ ಮಾಡಬೇಕು ಅಂತ ಆ ಕುಟುಂಬಕ್ಕೆ ಇಪ್ಪತ್ತು ಸಾವಿರಕ್ಕೂ ಮೇಲೆ ದಂಡ ಕೇಳಿದರು. ಸುದ್ದಿಯಾದ ಮೇಲೆ ಪೊಲೀಸರು ಬಂದರು, ಐವರ ಬಂಧನ ಆಯಿತು, ಅಧಿಕಾರಿಗಳು ಊರಲ್ಲಿ ಸಭೆ ಮಾಡಿದರು. ಆಗ ರಾಜ್ಯದಲ್ಲಿ ಬಿಜೆಪಿ ಸರ್ಕಾರ, ಕುಷ್ಟಗಿಯಲ್ಲಿ ಕಾಂಗ್ರೆಸ್ ಶಾಸಕ. ಬಜರಂಗಬಲಿ ಹೆಸರಲ್ಲಿ ವೋಟು ಕೇಳೋರೂ, ಬಜರಂಗಬಲಿಗೆ ಗುಡಿ ಕಟ್ತೀವಿ ಅನ್ನೋರೂ ಆ ಕೂಸಿನ ಕಾಲಿನ ಬೆಲೆ ಎಷ್ಟು ಅಂತ ಒಂದು ಮಾತು ಆಡಬೇಕಿತ್ತಲ್ಲ. ಬಟನ್ ಒತ್ತುವಾಗ ದೇವರ ಹೆಸರು ಹೇಳಿ ಅಂತ ಕೇರಿಗೂ ಬರ್ತಾರೆ. ಆ ದೇವರ ಹೊಸ್ತಿಲು ದಾಟಿದರೆ ರಸೀದಿ ಹರೀತಾರೆ.

ಮತದಾರರು ಮಾತ್ರ ಪೂರ್ತಿ ಮರುಳಾಗಲಿಲ್ಲ. ಕೊಪ್ಪಳದ ಐದು ಸ್ಥಾನಗಳಲ್ಲಿ ಮೂರು ಕಾಂಗ್ರೆಸ್‌ಗೆ, ಬಿಜೆಪಿಗೆ ಕುಷ್ಟಗಿ ಒಂದೇ. ರಾಜ್ಯದಲ್ಲಿ 135. ಅದಕ್ಕೆ ಕಾರಣ ಗ್ಯಾರಂಟಿ ಕಾರ್ಡು ಮತ್ತು 'ಪೇಸಿಎಂ' ಪೋಸ್ಟರ್ ಅಂತ ತಂತ್ರಗಾರರು ಬೆನ್ನು ತಟ್ಟಿಕೊಂಡರು. ಪೇಸಿಎಂ ಚಲೋ ಇತ್ತು, ಒಂದು ಕ್ಯೂಆರ್ ಕೋಡಿನಲ್ಲಿ 40 ಪರ್ಸೆಂಟ್ ಆರೋಪ ಮನೆಮನೆಗೆ ಮುಟ್ಟಿತು. ಗ್ಯಾರಂಟಿಯನ್ನು ನಾನು ಹೀಗಳೆಯೋನಲ್ಲ. ಎರಡು ಸಾವಿರ ರೂಪಾಯಿ ನಮ್ಮ ಅವ್ವಂದಿರ ಕೈಗೆ ಬಂದಾಗ ಅದರ ಬೆಲೆ ಏನಂತ ಬೆಂಗಳೂರಿನ ಪ್ಯಾನೆಲ್ ಚರ್ಚೆಯವರಿಗೆ ತಿಳಿಯಲ್ಲ. ಆದರೆ ಆ ಗ್ಯಾರಂಟಿಗಳಿಗೆ 2023-24ರಲ್ಲಿ ಎಸ್‌ಸಿಎಸ್‌ಪಿ-ಟಿಎಸ್‌ಪಿ ಹಣದಿಂದ 11,144 ಕೋಟಿ ತೆಗೆದರು. 2013ರಲ್ಲಿ ಇದೇ ಸಿದ್ದರಾಮಯ್ಯ ಸರ್ಕಾರ ತಂದ ಕಾಯ್ದೆಯ ಹಣ ಅದು. ಎಲ್ಲರಿಗೂ ಕೊಡೋ ಅನ್ನಕ್ಕೆ ನಮ್ಮ ಪಾಲಿನ ಅಕ್ಕಿ ಹಾಕಿ 'ನಿಮಗೂ ಬಂತಲ್ಲ' ಅಂದರೆ ಏನು ಹೇಳಬೇಕು? ಇದೂ ಮುಸುಕಿನ ಮಾತೇ, ಸ್ವಲ್ಪ ಮೆತ್ತಗಿನ ಬಟ್ಟೆ ಅಷ್ಟೇ. ಚುನಾವಣೆ ಘೋಷಣೆಗೆ ನಾಲ್ಕೈದು ದಿನ ಇರುವಾಗ ಬೊಮ್ಮಾಯಿ ಸರ್ಕಾರ ಒಳಮೀಸಲಾತಿ ಶಿಫಾರಸು ಮಾಡಿದ್ದರ ಲೆಕ್ಕ ಬೇರೆ. ಅದು ಮೂವತ್ತು ವರ್ಷದ ಹೋರಾಟದ ವಿಷಯ, ಇನ್ನೊಂದು ಪೋಸ್ಟಿನಲ್ಲಿ ಬರೀತೀನಿ.

ಕಸದ ಲಾರಿಯ ವಿಡಿಯೊ ನೋಡಿ ನಕ್ಕ ಆ ಅಕ್ಟೋಬರ್‌ಗೆ ತಿರುಗಿ ಬರೋಣ. ಆ ತಿಂಗಳು ನಮ್ಮಲ್ಲೂ ಪ್ರಚಾರ ಜೋರಿತ್ತು. ಸಂಡೂರು ಉಪಚುನಾವಣೆ, ನವೆಂಬರ್ 13ಕ್ಕೆ ಮತದಾನ. ಸುಪ್ರೀಂ ಕೋರ್ಟ್ ಷರತ್ತು ಸಡಿಲಿಸಿದ್ದರಿಂದ ಜನಾರ್ದನ ರೆಡ್ಡಿ ಬಳ್ಳಾರಿಗೆ ಮರಳಿ ಬಿಜೆಪಿ ಪರ ಪ್ರಚಾರಕ್ಕಿಳಿದಿದ್ದರು. ಒಂದು ಕಡೆ ವಕ್ಫ್ ನೋಟಿಸು, ಇನ್ನೊಂದು ಕಡೆ ಗ್ಯಾರಂಟಿ. ಅದರ ನಡುವೆ ಅಕ್ಟೋಬರ್ 24ರಂದು ಕೊಪ್ಪಳದ ಜಿಲ್ಲಾ ನ್ಯಾಯಾಲಯ ಗಂಗಾವತಿ ತಾಲ್ಲೂಕಿನ ಮರಕುಂಬಿ ಪ್ರಕರಣದ ಶಿಕ್ಷೆ ಪ್ರಕಟಿಸಿತು. 2014ರ ಆಗಸ್ಟ್‌ನಲ್ಲಿ ನಮ್ಮವರ ಗುಡಿಸಲುಗಳಿಗೆ ಬೆಂಕಿ ಹಚ್ಚಿದ ಪ್ರಕರಣ. ಕ್ಷೌರದಂಗಡಿ, ಹೋಟೆಲು ಪ್ರವೇಶ ಕೇಳಿದ್ದೇ ಅದರ ಹಿಂದಿನ ಸಿಟ್ಟು. 98 ಮಂದಿಗೆ ಜೀವಾವಧಿ, ಮೂವರಿಗೆ ಐದು ವರ್ಷ. ದೇಶದಲ್ಲೇ ದೌರ್ಜನ್ಯ ಪ್ರಕರಣವೊಂದರಲ್ಲಿ ಇಷ್ಟು ಮಂದಿಗೆ ಶಿಕ್ಷೆ ಆಗೋದು ಅಪರೂಪ. ಅದಕ್ಕೂ ಎರಡು ತಿಂಗಳ ಹಿಂದಷ್ಟೇ ನಮ್ಮ ಯಲಬುರ್ಗಾ ಸೀಮೆಯ ಸಂಗನಾಳದಲ್ಲಿ ಕ್ಷೌರದ ವಿಚಾರಕ್ಕೇ ಒಬ್ಬ ದಲಿತ ಹುಡುಗನ ಕೊಲೆ ಆಗಿತ್ತು. ಹತ್ತು ವರ್ಷದಲ್ಲಿ ಕತ್ತರಿ, ಕುರ್ಚಿ ಇದ್ದಲ್ಲೇ ಇದ್ದವು.

ಸಂಡೂರಿನ ಯಾವ ಪಕ್ಷದ ಭಾಷಣದಲ್ಲೂ ಮರಕುಂಬಿ ಹೆಸರು ನನ್ನ ಕಿವಿಗೆ ಬೀಳಲಿಲ್ಲ. ಮುಂದಿನ ತಿಂಗಳೇ ಹೈಕೋರ್ಟಿನ ಧಾರವಾಡ ಪೀಠ ಶಿಕ್ಷೆಯಾದ ಬಹುತೇಕರಿಗೆ ಜಾಮೀನು ಕೊಟ್ಟಿತು. ಸಾಕ್ಷಿ ಹೇಳಿದವರೂ ಜಾಮೀನು ಪಡೆದವರೂ ಈಗ ಅದೇ ಊರಲ್ಲಿ, ಅದೇ ಓಣಿಯಲ್ಲಿ ಅದಾರೆ. ಮುಂದಿನ ಚುನಾವಣೆಗೆ ವೋಟು ಕೇಳೋ ಗಾಡಿ ಆ ಓಣಿಗೂ ಬರ್ತದೆ.