ಲಕೋಟೆಯ ಬೆಲೆ, ಓಲೆಯ ಬೆಲೆ: ಹೈದರಾಬಾದ್ ಸಂಸ್ಥಾನದ ಅಂಚೆ ಮತ್ತು ಕನ್ನಡ ದಾಖಲೆ

ಹೈದರಾಬಾದ್ ಸಂಸ್ಥಾನವು ತನ್ನ ಮೊದಲ ಅಂಚೆಚೀಟಿಯನ್ನು 1869ರಲ್ಲಿ ಹೊರತಂದಿತು. ಸಂಸ್ಥಾನದ ಚೀಟಿಗಳು ಅದರ ಎಲ್ಲೆಯೊಳಗೆ ಮಾತ್ರ ಸಲ್ಲುತ್ತಿದ್ದವು. ಕಲಬುರಗಿಯಿಂದ ಬೀದರಿಗೆ ಬರೆದ ಓಲೆಗೆ ನಿಜಾಮರ ಚೀಟಿ ಸಾಕಾಗುತ್ತಿತ್ತು. ಧಾರವಾಡಕ್ಕೆ ಬರೆಯುವವರಿಗೆ ಬ್ರಿಟಿಷ್ ಇಂಡಿಯಾದ ಚೀಟಿ ಬೇಕಾಗುತ್ತಿತ್ತು. ಕನ್ನಡ ನಾಡು ಹಂಚಿಹೋಗಿದ್ದ ಸಂಗತಿ ಹೀಗೆ ಲಕೋಟೆಗಳ ಮೇಲೆಯೇ ದಾಖಲಾಗಿದೆ. ಇಂಥ ಲಕೋಟೆಗಳಿಗೆ ಸಂಗ್ರಾಹಕರೂ ವ್ಯಾಪಾರಿಗಳೂ ಬೆಲೆ ಕಟ್ಟುವ ಕ್ರಮವನ್ನೂ ಅದರಿಂದ ಇತಿಹಾಸಕ್ಕೆ ಆಗುವ ಲಾಭನಷ್ಟಗಳನ್ನೂ ಇಲ್ಲಿ ಪರಿಶೀಲಿಸುತ್ತೇವೆ.

ಹಿಂದೆ ಸಂಗ್ರಾಹಕರು ಬಯಸುತ್ತಿದ್ದುದು ಚೀಟಿಯನ್ನು ಮಾತ್ರ. ಲಕೋಟೆಯ ಮೂಲೆಯನ್ನು ಕತ್ತರಿಸಿ, ನೀರಿನಲ್ಲಿ ನೆನೆಸಿ ಚೀಟಿಯನ್ನು ಬಿಡಿಸಿಕೊಂಡು, ಉಳಿದುದನ್ನು ಎಸೆಯುವುದು ವಾಡಿಕೆಯಾಗಿತ್ತು. ಇಡಿಯಾದ ಲಕೋಟೆಯ ಬೆಲೆ ಹೆಚ್ಚೆಂಬ ಅರಿವು ಕಾಲಕ್ರಮದಲ್ಲಿ ಬೆಳೆಯಿತು. ಚೀಟಿ ಮತ್ತು ಕಾಗದ ಎರಡರ ಮೇಲೂ ಹಾದುಬಿದ್ದ ಅಂಚೆ ಮುದ್ರೆಯು ಆ ಚೀಟಿ ಆ ಲಕೋಟೆಗೇ ಸೇರಿದ್ದೆಂಬುದಕ್ಕೆ ಸಾಕ್ಷಿ. ಸ್ಥಳ, ದಿನಾಂಕ, ದರ, ಸಾಗಿದ ದಾರಿ ಇವೆಲ್ಲ ಸೇರಿ ಬೆಲೆಯನ್ನು ನಿರ್ಣಯಿಸುತ್ತವೆ. ಆದುದರಿಂದಲೇ ಸಾಮಾನ್ಯ ಚೀಟಿಯಾದರೂ ಅಪರೂಪದ ಸಣ್ಣ ಊರಿನ ಮುದ್ರೆ ಸ್ಪಷ್ಟವಾಗಿದ್ದರೆ ಲಕೋಟೆಗೆ ಹೆಚ್ಚು ಬೆಲೆ ಬರುವುದುಂಟು. 1931ರ ಮಾಲೆಯ 12 ಆಣೆಯ ಚೀಟಿಯಲ್ಲಿ ಬೀದರಿನ ಮದರಸಾದ ಚಿತ್ರವಿದೆ. ಬಿಡಿಯಾಗಿದ್ದರೆ ಅದು ಚಿತ್ರ ಮಾತ್ರ. ಲಕೋಟೆಯ ಮೇಲಿದ್ದರೆ ಅಷ್ಟು ದೊಡ್ಡ ದರವನ್ನು ಯಾರು, ಯಾವ ಟಪಾಲಿಗೆ ತೆತ್ತರೆಂಬ ಪ್ರಶ್ನೆ ಏಳುತ್ತದೆ. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಕೊನೆಗೊಂಡ ಮೇಲೂ ಅವರ ಚೀಟಿಗಳು ಕೆಲಕಾಲ ಚಲಾವಣೆಯಲ್ಲಿದ್ದವು. ಆ ಸಂಧಿಕಾಲದ ಬಳಕೆಯನ್ನು ಗುರುತಿಸಲು ಮುದ್ರೆಯ ದಿನಾಂಕವೇ ಆಧಾರ.

ಆದರೆ ಈ ಕ್ರಮದಲ್ಲಿ ಒಂದು ಕೊರತೆಯಿದೆ. ವ್ಯಾಪಾರಿಯು ಹೊರಗಿನದಕ್ಕೆ ಬೆಲೆ ಕಟ್ಟುತ್ತಾನೆ. ಒಳಗಿನ ಓಲೆ ಅವನಿಗೆ ಬರಿಯ ಕಾಗದ. ಓದಲು ಬಾರದ ಲಿಪಿಯದಾದರಂತೂ ಅದು ಬೇರ್ಪಟ್ಟು ಕಳೆದೇಹೋಗುವ ಸಂಭವ ಹೆಚ್ಚು. ಇದರ ಪರಿಣಾಮವನ್ನು ಒಂದು ನಿದರ್ಶನದಿಂದ ತಿಳಿಯಬಹುದು. ಹಳೆಯ ಕನ್ನಡ ಪತ್ರಗಳಲ್ಲಿ ಅನೇಕ ವೇಳೆ ಸಂವತ್ಸರ, ಮಾಸ, ತಿಥಿಗಳಷ್ಟೇ ಇರುತ್ತವೆ. 'ಸರ್ವಧಾರಿ ಸಂವತ್ಸರದ ಭಾದ್ರಪದ ಬಹುಳ' ಎಂದಷ್ಟೇ ಇರುವ ಓಲೆಯೊಂದು ದೊರೆಯಿತೆನ್ನೋಣ. ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳುವುದರಿಂದ ಅದು 1888ರದೂ ಆಗಬಹುದು, 1948ರದೂ ಆಗಬಹುದು. 1948ರದಾದರೆ, ಸೆಪ್ಟೆಂಬರ್ 17ರಂದು ನಿಜಾಮರು ಶರಣಾದ ಬೆನ್ನಿಗೇ ಬರೆದ ಅಮೂಲ್ಯ ಸಾಕ್ಷ್ಯ ಅದು. ಇದನ್ನು ಖಚಿತವಾಗಿ ತೀರ್ಮಾನಿಸಬಲ್ಲುದು ಲಕೋಟೆಯ ಮುದ್ರೆ. ಓಲೆಯನ್ನು ಕಳೆದುಕೊಂಡ ಲಕೋಟೆ ಮೂಕ. ಲಕೋಟೆಯನ್ನು ಕಳೆದುಕೊಂಡ ಓಲೆಗೆ ಕಾಲವಿಲ್ಲ.

ಉರ್ದು ಆಡಳಿತ ಭಾಷೆಯಾಗಿದ್ದ ಆ ಸಂಸ್ಥಾನದಲ್ಲಿ ಬೀದರ, ಕಲಬುರಗಿ, ರಾಯಚೂರು ಸೀಮೆಗಳ ಜನರ ಬರೆಹಗನ್ನಡವನ್ನು ಅರಿಯಲು ಸರ್ಕಾರಿ ಕಡತಗಳಷ್ಟೇ ಸಾಲವು. 1956ರಲ್ಲಿ ಈ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಸಂಸ್ಥಾನದ ರಾಜಧಾನಿಯಾಗಿದ್ದ ಹೈದರಾಬಾದ್ ಬೇರೆ ರಾಜ್ಯದಲ್ಲಿ ಉಳಿಯಿತು. ಮನೆಗಳ ಪೆಟ್ಟಿಗೆಗಳಲ್ಲಿರುವ ಓಲೆಗಳೇ ಈ ಅಂತರವನ್ನು ತುಂಬಬೇಕು. ಆದುದರಿಂದ, ಮಾರುವವರು ಮಾರಲಿ, ಕೊಳ್ಳುವವರು ಕೊಳ್ಳಲಿ; ಆದರೆ ಓಲೆಯನ್ನು ಲಕೋಟೆಯಿಂದ ಅಗಲಿಸದಿರಲಿ, ಕೈಬಿಡುವ ಮುನ್ನ ಎರಡರ ಪ್ರತಿಯನ್ನೂ ಇರಿಸಿಕೊಳ್ಳಲಿ ಎಂಬುದೇ ನಮ್ಮ ಅರಿಕೆ.